ಮಾಮನ ಹೊಟ್ಟೆ, ಮೊದಲ ಪಂಕ್ತಿ

ನಮ್ಮ ಮನೆಯ ಹುಡುಗಿ ಓದಿ ಡಾಕ್ಟರಾಗುವುದು ನಡೆಯದ ಕೆಲಸ ಎಂದು ಮೊದಲು ಹೇಳಿದವರು ನನ್ನ ತಾಯಿಯ ಅಣ್ಣ ರಾಮಲಿಂಗ ಮಾಮ. ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಹುಡುಕುವ ಅಗತ್ಯವಿಲ್ಲ. ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ, ಮನೆಮಾತು ಕನ್ನಡವಾದ ನೇಕಾರರ ನಮ್ಮ ಬೀದಿಯಲ್ಲಿ ಎಲ್ಲರೂ ಮಾಮ ಹೇಳಿದ್ದನ್ನೇ ಹೇಳುತ್ತಿದ್ದರು. ರೇಷ್ಮೆ ಸೀರೆ ನೇಯುವವರಿಗೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವಷ್ಟು ಬಿಡುವು ಎಲ್ಲಿರುತ್ತದೆ?

ನನಗೆ ಪ್ರಕೃತಿ ಚಿಕಿತ್ಸೆಯ ಕಾಲೇಜಿನಲ್ಲಿ, ಅದೂ ಕರ್ನಾಟಕದಲ್ಲಿ, ಸೀಟು ಸಿಕ್ಕಿದ ದಿನ ಅವ್ವ ಆ ಕಾಗದ ಹಿಡಿದು ಮಾಮನ ಮನೆಗೆ ಹೋದಳು. ಜೊತೆಗೆ ನಾನು. ಮಾಮ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

"ಏನು ಪಡಿಪ್ಪು ಅದು?" ಎಂದರು. ನಮ್ಮ ಮನೆಗಳಲ್ಲಿ ಓದು ಎಂಬ ಮಾತು ಕೂಡ ತಮಿಳಿನಲ್ಲೇ ಬರುತ್ತದೆ.

"ಮಾತ್ರೆ ಇಲ್ಲದೆ ವೈದ್ಯ ಮಾಡೋದಂತೆ ಅಣ್ಣಾ. ಊಟದಲ್ಲಿ, ಕೈಯಲ್ಲಿ. ಹೊಟ್ಟೆ ನೋವಿಗೆಲ್ಲ ಒಳ್ಳೇದಂತೆ."

"ಹೊಟ್ಟೆ ಅಮುಕೋದಕ್ಕೆ ಐದು ವರ್ಷ ಪಡಿಪ್ಪಾ?"

"ಸರಕಾರ ಸೀಟು ಕೊಟ್ಟದೆ ಅಣ್ಣಾ."

"ಕೊಡ್ತದೆ. ಸರಕಾರದ ಮನೇಲಿ ಮದುವೆಗೆ ನಿಂತ ಹುಡುಗಿ ಇಲ್ಲವಲ್ಲ." ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು. "ನಡೆಯದ ಕೆಲಸ, ತಂಗಚ್ಚೀ. ಮೂರು ತಿಂಗಳಲ್ಲಿ ಅತ್ತುಕೊಂಡು ವಾಪಸ್ ಬರ್ತಾಳೆ. ಬಸ್ಸಿಗೆ ಹೋಗೋ ಕಾಸು, ಬರೋ ಕಾಸು ಎರಡೂ ದಂಡ."

ಮಾಮ ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಅತ್ತದ್ದು ಹೌದು. ಆದರೆ ವಾಪಸ್ ಬರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ನನಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಓದಿದ್ದೆಲ್ಲ ತಮಿಳು. ಹಾಸ್ಟೆಲಿನ ಅಡುಗೆ ಮನೆಯ ಗೋಡೆಯ ಮೇಲೆ ರೋಗಿಗಳ ಆಹಾರದ ಹಲಗೆ ಇತ್ತು. ಅದನ್ನು ನೋಡಿ ನೋಡಿ ಅಕ್ಷರ ಕಲಿತೆ. ನಾನು ಓದಿದ ಮೊದಲ ಕನ್ನಡ ವಾಕ್ಯ "ಉಪ್ಪು ಹಾಕಬಾರದು". ಭಾಷೆಯ ರುಚಿ ಹತ್ತುವುದಕ್ಕೆ ಅಷ್ಟು ಒಳ್ಳೆಯ ಆರಂಭ ಯಾರಿಗೂ ಸಿಗಲಾರದು. ಈಗ ಈ ಬರಹವನ್ನು ಆ ಹಲಗೆಯ ಕೃಪೆಯಿಂದಲೇ ಬರೆಯುತ್ತಿದ್ದೇನೆ.

ಪದವಿ ಹಿಡಿದು ಊರಿಗೆ ಬಂದಾಗ ಬೀದಿಯವರೆಲ್ಲ ನೋಡಲು ಬಂದರು. ಮಾಮ ಬರಲಿಲ್ಲ. ಮಗ್ಗದಲ್ಲಿ ಅರ್ಜೆಂಟು ಸೀರೆ ಇತ್ತಂತೆ. ಆ ಸೀರೆ ಮುಗಿಯಲಿಕ್ಕೆ ನನ್ನ ಇಡೀ ಉದ್ಯೋಗಜೀವನ ಬೇಕಾಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಎಲ್ಲರೂ ಒಪ್ಪಿದರೂ ಒಪ್ಪದ ಒಬ್ಬರ ಬಾಯಿಂದಲೇ ಒಪ್ಪಿಗೆಯ ಮಾತು ಕೇಳಬೇಕು ಎಂಬ ಹಠ ಮನುಷ್ಯರಿಗೆ ಯಾಕೆ ಬರುತ್ತದೋ. ನನಗಂತೂ ಬಂತು.

ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ಬಿಳಿ ಕೋಟು, ಹೂಕುಂಡ, ಮಂದ ಸಂಗೀತ ಎಲ್ಲ ಕಲ್ಪಿಸಿಕೊಂಡು ಬರುತ್ತಾರೆ. ಅವರಿಗೆ ಹೇಳಬೇಕಾದ ಮೊದಲ ವಿಷಯ, ನಿಮ್ಮ ಜೀವನದ ಹೆಚ್ಚು ಪಾಲು ಬೇರೆಯವರ ಮಲದ ವರ್ಣನೆ ಕೇಳುವುದರಲ್ಲಿ ಕಳೆಯುತ್ತದೆ. ಸ್ವಂತ ಹೆಂಡತಿಗೆ ಸಂಬಳ ಎಷ್ಟೆಂದು ಹೇಳದ ಗಂಡಸು ನಿಮ್ಮ ಎದುರು ಕೂತು ಬೆಳಗಿನ ವಿಚಾರವನ್ನು ಬಣ್ಣ, ಆಕಾರ, ಸಮಯಸಹಿತ ಹೇಳುತ್ತಾನೆ. ಎರಡನೆಯ ವಿಷಯ, ಕೊಯಮತ್ತೂರಿನಲ್ಲಿ ರೋಗ ಒಂದೇ. ಅದರ ಹೆಸರು ಗ್ಯಾಸ್. ಎದೆಯುರಿ ಗ್ಯಾಸ್, ಹೊಟ್ಟೆಯುಬ್ಬರ ಗ್ಯಾಸ್, ಮಂಡಿ ನೋವು ಕೂಡ ಗ್ಯಾಸ್. ಸೊಸೆ ಮಾತು ಕೇಳದಿದ್ದರೆ ಅದೂ ತಲೆಗೇರಿದ ಗ್ಯಾಸ್.

ನಾನು ಮೊದಲು ಸೇರಿದ್ದು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಒಂದು ಧರ್ಮಾಸ್ಪತ್ರೆಗೆ. ಸುತ್ತ ಪಂಪು, ಮೋಟಾರು ಮಾಡುವ ವರ್ಕ್‌ಶಾಪುಗಳು. ಅಲ್ಲಿನ ಮುಖ್ಯ ವೈದ್ಯರು ಬಹಳ ದೊಡ್ಡ ಮನುಷ್ಯರು. ರೋಗಿಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ಅವರಿಗೆ ಬಹಳ ಕಾಲವಾಗಿತ್ತು. ಉದ್ಘಾಟನೆಗಳಿಗೆ ಹೋಗಿ ಬರುವಷ್ಟರಲ್ಲಿ ಕೈ ದಣಿದಿರುತ್ತಿತ್ತು. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಬೇರೆ. ರೋಗಿಯ ಮೊಣಕಾಲು ಮಡಿಸಿ ಮಲಗಿಸು, ನಿನ್ನ ಕೈ ಬೆಚ್ಚಗೆ ಮಾಡಿಕೋ. ಕೆಳಹೊಟ್ಟೆಯ ಬಲಗಡೆಯಿಂದ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ, ಆಮೇಲೆ ಎಡಗಡೆ ಕೆಳಕ್ಕೆ, ದೊಡ್ಡ ಕರುಳು ಹೋದ ದಾರಿಯಲ್ಲೇ ಹೋಗು, ಅವರ ಉಸಿರಿನ ಜೊತೆ ಹೋಗು. ಮುಖ್ಯ ವೈದ್ಯರಿಗೆ ಇದು ನಿಧಾನ ಅನ್ನಿಸಿತು. ಹೊಟ್ಟೆಗೆ ಕಟ್ಟಿದರೆ ಗಡಗಡ ನಡುಗುವ ಒಂದು ಬೆಲ್ಟ್ ಯಂತ್ರ ತರಿಸಿದರು. ಇನ್ನು ಮೇಲೆ ಕೈ ಬೇಡ, ವಿಜ್ಞಾನ ಬಂದಿದೆ ಎಂದರು.

ಅದನ್ನು ಮೊದಲು ಕಟ್ಟಿದ್ದು ಸೆಲ್ವರಾಜ್ ಎಂಬ ಲೇತ್ ಕೆಲಸಗಾರನಿಗೆ. ಬೆಲ್ಟ್ ನಡುಗಿತು. ಮುಖ್ಯ ವೈದ್ಯರು ಪಕ್ಕದಲ್ಲಿ ನಿಂತು ಹೇಗಿದೆ ಎಂದು ಕೇಳಿದರು.

"ನಮ್ಮ ಲೇತ್ ಇದಕ್ಕಿಂತ ಜಾಸ್ತಿ ನಡುಗ್ತದೆ ಸಾರ್. ದಿನಾ ಅದಕ್ಕೆ ಹೊಟ್ಟೆ ಕೊಟ್ಟುಕೊಂಡೇ ನಿಂತಿರ್ತೀನಿ. ನಡುಗೋದರಿಂದ ಗುಣ ಆಗೋದಿದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

ಮುಖ್ಯ ವೈದ್ಯರು ನಕ್ಕರು. ದೊಡ್ಡವರು ಅರ್ಥವಾಗದಾಗ ನಗುವ ನಗು. ಯಂತ್ರ ಒಂದು ಮಳೆಗಾಲ ನಡುಗಿ ಮೂಲೆ ಸೇರಿತು. ನಮ್ಮ ಕೈಗಳನ್ನು ಮತ್ತೆ ಕೆಲಸಕ್ಕೆ ಕರೆದರು, ಏನೂ ಆಗಲೇ ಇಲ್ಲ ಎಂಬಂತೆ.

ಯಂತ್ರಕ್ಕಿಂತ ಗಟ್ಟಿಯಾಗಿ ಉಳಿದದ್ದು ಅವರ ಆಹಾರದ ಪಟ್ಟಿ. ಅಚ್ಚು ಹಾಕಿಸಿದ ಹಳದಿ ಕಾಗದ. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ತರಕಾರಿ, ಮೊಳಕೆ ಕಾಳು, ಸಂಜೆ ಹಣ್ಣು, ದಿನಕ್ಕೆ ಮೂರು ಲೀಟರ್ ನೀರು. ಗಿರಣಿ ಮಾಲೀಕನಿಗೂ ಅದೇ, ಅವನ ವಾಚ್‌ಮನ್‌ಗೂ ಅದೇ. ಪೋತ್ತನೂರಿನ ಗೂಡ್ಸ್ ರೈಲಿನ ಡ್ರೈವರ್ ಒಬ್ಬರು ಅದನ್ನು ಭಕ್ತಿಯಿಂದ ಓದಿ, "ಪಾಲಕ್ಕಾಡ್ ದಾರಿಯ ಕಾಡಲ್ಲಿ ಸಿಗ್ನಲ್ ಸಿಗದೆ ನಿಂತಾಗ ಬೂದುಗುಂಬಳ ಯಾರು ಹಿಂಡಿಕೊಡ್ತಾರಮ್ಮಾ, ಗಾರ್ಡಾ?" ಎಂದು ಕೇಳಿದರು. ಉಬ್ಬರದ ಹೊಟ್ಟೆಯವರು ಪಟ್ಟಿಯನ್ನು ನಂಬಿ ಮೊಳಕೆ ಕಾಳು ತಿಂದು, ಊದಿದ ಬಲೂನಿನ ಹಾಗೆ ವಾಪಸ್ ಬರುತ್ತಿದ್ದರು. ಬಂದವರಿಗೆ ಮತ್ತೆ ಅದೇ ಹಳದಿ ಕಾಗದ. ನಾನು ಕಾಗದ ಕೊಟ್ಟು, ಅದರ ಹಿಂಬದಿಯಲ್ಲಿ ಪೆನ್ನಿನಿಂದ ಬೇಯಿಸಿದ ಸೋರೆ, ಮೆತ್ತಗಿನ ಅನ್ನ, ನೀರು ಮಜ್ಜಿಗೆ, ತಿನ್ನುವ ಹೊತ್ತು ಬರೆದುಕೊಡುತ್ತಿದ್ದೆ. ಹಿಂಬದಿಯಿಂದ ಗುಣವಾದವರು ಮುಂಬದಿಯನ್ನು ಹೊಗಳಿ ಹೋಗುತ್ತಿದ್ದರು. ಪಟ್ಟಿಗೆ ಒಳ್ಳೆಯ ಹೆಸರು ಬಂತು. ಇನ್ನೊಂದು ಸಲ ಅಚ್ಚು ಹಾಕಿಸಿದರು.

ಆಮೇಲೆ ನನ್ನನ್ನು ತಿರುಪ್ಪೂರಿನ ಶಾಖೆಗೆ ಹಾಕಿದರು. ಅಲ್ಲಿಗೆ ಬರುತ್ತಿದ್ದವರೆಲ್ಲ ಬನಿಯನ್ ಕಂಪನಿಯವರು. ಮಲ್ಲಿಕಾ ಎಂಬ ಹೆಂಗಸು, ಬಟ್ಟೆಯಲ್ಲಿ ಕುಂದು ಹುಡುಕುವ ಮೇಜಿನಲ್ಲಿ ಕೆಲಸ. ಹೊಟ್ಟೆ ಕಲ್ಲಿನ ಹಾಗಿತ್ತು. ನೀರು ಕುಡಿಯುವುದೇ ಇಲ್ಲ.

"ಮೂರು ಲೀಟರ್ ಕುಡಿದರೆ ಎಷ್ಟು ಸಲ ಎದ್ದು ಹೋಗಬೇಕು ಮೇಡಂ? ಒಂದು ಸಲ ಹೆಚ್ಚು ಎದ್ದರೆ ಸೂಪರ್‌ವೈಸರ್ ಹೆಸರು ಹಿಡಿದು ಕೂಗ್ತಾರೆ. ನೀವು ಬಂದು ಅವರ ಹತ್ತಿರ ಕೇಳ್ತೀರಾ?"

ಕೈಯಿಂದ ಎಷ್ಟು ಉಜ್ಜಿದರೂ ಸೂಪರ್‌ವೈಸರ್ ಕರಗುವುದಿಲ್ಲ. ಹಾಗಾಗಿ ಆಸ್ಪತ್ರೆಯ ಕಾಗದದ ಮೇಲೆ, ಇವರಿಗೆ ಚಿಕಿತ್ಸೆ ನಡೆಯುತ್ತಿದೆ, ಬೇಕಾದಾಗ ಎದ್ದು ಹೋಗಲು ಬಿಡತಕ್ಕದ್ದು ಎಂದು ತಮಿಳಿನಲ್ಲಿ ಒಂದು ಸರ್ಟಿಫಿಕೇಟ್ ಬರೆದು ಮೊಹರು ಒತ್ತಿದೆ. ಮನುಷ್ಯರ ಕಣ್ಣೀರಿಗೆ ಹೆದರದ ಆ ಮನುಷ್ಯ ದುಂಡಗಿನ ಮೊಹರಿಗೆ ಹೆದರಿದನಂತೆ. ಮಲ್ಲಿಕಾಳ ಹೊಟ್ಟೆ ಮೆತ್ತಗಾಯಿತು. ಮರುವಾರ ಅದೇ ಸರ್ಟಿಫಿಕೇಟ್ ಬೇಕೆಂದು ಅವಳ ಇಡೀ ಮೇಜು ಬಂತು. ಈ ಕಥೆಯನ್ನು ನಾನು ಅವ್ವನಿಗೆ ಹೇಳಿದೆ. ಅವ್ವನಿಗೆ ಹೇಳಿದ್ದು ಸಿರುಮುಗೈಗೆಲ್ಲ ಹೇಳಿದ ಹಾಗೆ.

ಇಷ್ಟು ಹೊಟ್ಟೆಗಳನ್ನು ಮುಟ್ಟಿದ ನನಗೆ ಮುಟ್ಟಲು ಸಿಗದಿದ್ದ ಹೊಟ್ಟೆ ಒಂದೇ, ಮಾಮನದು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ನೇಕಾರನ ಹೊಟ್ಟೆಗೆ ಅಡ್ಡಲಾಗಿ ಇರುತ್ತದೆ. ಹುಡುಗನಾಗಿದ್ದಾಗಿನಿಂದ ಅದಕ್ಕೆ ಬಾಗಿ ಕೂತ ಹೊಟ್ಟೆ. ಬೆಳಿಗ್ಗೆ ಏನೂ ಆಗುವುದಿಲ್ಲ ಎಂದು ಪ್ರತಿ ರಾತ್ರಿ ಭೇದಿ ಪುಡಿ ನುಂಗುತ್ತಿದ್ದರು. ಮೊದಲು ಒಂದು ಚಮಚ, ಆಮೇಲೆ ಎರಡು, ಆಮೇಲೆ ಅಳತೆಯೇ ಇಲ್ಲ. ವರ್ಷದಿಂದ ವರ್ಷಕ್ಕೆ ಕೆನ್ನೆ ಒಳಗೆ ಹೋಗುತ್ತಿತ್ತು. ಬಾ ಮಾಮ, ನೋಡುತ್ತೇನೆ ಎಂದರೆ, "ತಂಗಿ ಮಗಳ ಮುಂದೆ ಹೊಟ್ಟೆ ಬಿಚ್ಚಿಕೊಂಡು ಮಲಗೋದಾ? ನಡೆಯದ ಕೆಲಸ," ಎನ್ನುತ್ತಿದ್ದರು. ನನ್ನ ಹಠ ಒಂದು ಕಡೆ ಇರಲಿ, ಆ ಪುಡಿ ಅವರ ಕರುಳನ್ನು ಸೋಮಾರಿ ಮಾಡಿ ಹಾಕುತ್ತದೆ ಎಂದು ನನಗೆ ಭಯ. ಅತ್ತೆಗೆ ಹೇಳಿ, ಅತ್ತೆಯಿಂದ ಜಗಳ ಮಾಡಿಸಿ, ದೊಡ್ಡ ಆಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿಸಿದೆ. ಕೆಟ್ಟದ್ದೇನೂ ಕಾಣಲಿಲ್ಲ. ಮಕ್ಕಳೇ, ಇದನ್ನು ಮರೆಯಬೇಡಿ. ತೂಕ ಇಳಿಯುವ ಹೊಟ್ಟೆಗೆ ಎಣ್ಣೆ ಹಚ್ಚುವ ಮೊದಲು ಒಳಗೆ ಏನಿದೆ ಎಂದು ನೋಡಿಸಬೇಕು. ಕೈ ದೊಡ್ಡದು, ಆದರೆ ಕೈಗೆ ಕಣ್ಣಿಲ್ಲ.

ಕೊನೆಗೆ ಮಾಮ ತಾವೇ ಒಂದು ಉಪಾಯ ಕಂಡುಕೊಂಡರು. ನನಗೆ ಹೇಳದೆ ತಿರುಪ್ಪೂರಿನ ಶಾಖೆಗೆ ಬಂದು ಗಂಡಸರ ವಿಭಾಗದಲ್ಲಿ ಹೆಸರು ಬರೆಸಿದರು. ಅಲ್ಲಿ ಎಣ್ಣೆ ಹಚ್ಚುವವನು ಪಳನಿಚಾಮಿ ಎಂಬ ಗಂಡಸು, ಹೊರಗಿನವನು, ಮರ್ಯಾದೆಗೆ ಕುಂದಿಲ್ಲ. ಆದರೆ ಅದು ಆವಣಿ ತಿಂಗಳು, ದಿನಾ ಮುಹೂರ್ತ. ಪಳನಿಚಾಮಿ ಹೊಟ್ಟೆಗೂ ಕಣ್ಣಿಗೂ ತಂಪಿಗೆಂದು ಒದ್ದೆ ಮಣ್ಣಿನ ಪಟ್ಟಿ ಇಟ್ಟು ಮಲಗಿಸಿ, "ಡಾಕ್ಟರಮ್ಮ ಬಂದು ಹೊಟ್ಟೆ ನೋಡ್ತಾರೆ ಅಯ್ಯಾ," ಎಂದು ಹೇಳಿ, ತನ್ನ ಷಡ್ಡಕನ ಮದುವೆ ಊಟಕ್ಕೆ ಓಡಿದ. ಗಂಡಸರ ವಿಭಾಗದ ಡಾಕ್ಟರಮ್ಮ ಎಂದರೆ ಬೇರೆ ಯಾರೋ ತಮಿಳಿನವರು ಎಂದುಕೊಂಡು ಮಾಮ ಹೂಂ ಎಂದರಂತೆ.

ನಾನು ಒಳಗೆ ಹೋದಾಗ ಮೇಜಿನ ಮೇಲೆ ಮೂಗು, ಮೀಸೆ ಮಾತ್ರ ಕಾಣುತ್ತಿತ್ತು. ಮೀಸೆ ನೋಡಿದ ಕೂಡಲೇ ಗೊತ್ತಾಯಿತು. ವಣಕ್ಕಂ ಎಂದೆ. ವಣಕ್ಕಂ ಎಂದರು. ನಾನಾಗಿ ಸಂಬಂಧ ಹೇಳಿದರೆ ಎದ್ದು ಹೊರಟೇಹೋಗುತ್ತಾರೆ, ಹೇಳದಿದ್ದರೆ ಮೋಸವಾಗುತ್ತದೆ ಎಂದು ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಮಾಮನೇ ತಮಿಳಿನಲ್ಲಿ ಶುರು ಮಾಡಿದರು.

"ನಮ್ಮ ಸಂಬಂಧದಲ್ಲೂ ಒಬ್ಬಳು ಇದ್ದಾಳಮ್ಮಾ, ಇದೇ ಪಡಿಪ್ಪು. ಎಲ್ಲೋ ಹಾಸ್ಟೆಲಲ್ಲಿ ಓದಿದಳಂತೆ. ಏನು ಕಲಿತಳೋ."

ನಾನು ಮಣ್ಣು ತೆಗೆದು, ಹೊಟ್ಟೆ ಒರೆಸಿ, ಕೈ ಬೆಚ್ಚಗೆ ಮಾಡಿಕೊಂಡು ಇಟ್ಟೆ. ದಿಂಡು ಒತ್ತಿದ ಜಾಗದಲ್ಲಿ ಚರ್ಮ ಚಪ್ಪಲಿಯ ಅಟ್ಟೆಯಂತಾಗಿತ್ತು. ಎಡಗಡೆ ಕೆಳಗೆ ಬೆರಳು ಹೋದ ಕೂಡಲೇ ಮಾಮನ ತಮಿಳು ಹಾರಿಹೋಯಿತು. "ಅವ್ವಾ, ನೋಯ್ತದೆ," ಎಂದರು.

"ಉಸಿರು ಬಿಡಿ ಮಾಮ," ಎಂದೆ. ನಾನೂ ಯೋಚಿಸಲಿಲ್ಲ. ಬಾಯಿಗೆ ಬಂದದ್ದು ಮನೆಯ ಮಾತು.

ನಾನು ಕೈ ತೆಗೆದು ನಿಂತೆ. ಅವರು ಏಳುತ್ತಾರೆ, ಪಂಚೆ ಕೊಡವುತ್ತಾರೆ, ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ ಎಂದು ಕಾದೆ. ಕಣ್ಣಿನ ಮೇಲಿನ ಮಣ್ಣಿಗೆ ಅವರು ಕೈ ಹಾಕಲಿಲ್ಲ.

"ಇನ್ನೂ ಸ್ವಲ್ಪ ಕೆಳಗೆ," ಎಂದರು, ಕನ್ನಡದಲ್ಲಿ. "ಅಲ್ಲೇ. ಅಲ್ಲೇ ಹಿಡಕೊಂಡದೆ."

ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಮಾಮ ವಾರಕ್ಕೊಮ್ಮೆ ಬರುವರು, ನೇರ ಮೇಜಿಗೆ ಹೋಗುವರು, ಮೊದಲು ಕಣ್ಣಿಗೆ ಮಣ್ಣು ಹಾಕು ಎಂದು ಪಳನಿಚಾಮಿಗೆ ಹೇಳುವರು. ಅವರ ಕಾಯಿಲೆಗೆ ಕಣ್ಣಿನ ಮಣ್ಣು ಬೇಕಾಗಿಯೇ ಇರಲಿಲ್ಲ. ಮಣ್ಣು ಬಿದ್ದ ಮೇಲೆ ನಾನು ಹೋಗುವುದು, ಕನ್ನಡದಲ್ಲಿ ಉಸಿರು ಎಳೆಯಿರಿ, ಬಿಡಿ ಎನ್ನುವುದು. ಊಟ ಏನು ಎಂದು ಮಣ್ಣಿನೊಳಗಿಂದಲೇ ಕೇಳುವರು, ನಾನು ಮಣ್ಣಿಗೇ ಹೇಳುವೆ. ರಾತ್ರಿ ಬೇಗ ಮೆತ್ತಗಿನ ಅನ್ನ, ಬೇಯಿಸಿದ ಸೊಪ್ಪು, ಬೆಳಿಗ್ಗೆ ಬಿಸಿನೀರು, ಗಂಟೆಗೊಮ್ಮೆ ಮಗ್ಗದ ಗುಂಡಿಯಿಂದ ಮೇಲೆ ಬರುವುದು, ಪುಡಿಯನ್ನು ಒಂದೇ ಸಲಕ್ಕೆ ಬಿಡದೆ ಸ್ವಲ್ಪ ಸ್ವಲ್ಪ ಇಳಿಸುವುದು. ನಾನು ಕೋಣೆಯಿಂದ ಹೊರಬಂದ ಮೇಲೆ ಮಣ್ಣು ತೆಗೆಯುವರು. ಹೊರಗೆ ವರಾಂಡದಲ್ಲಿ ಎದುರಾದರೆ, "ಏನು ರುಕ್ಕೂ, ಚೆನ್ನಾಗಿದ್ದೀಯಾ? ಸುಮ್ಮಾ ಈ ಕಡೆ ಬಂದಿದ್ದೆ," ಎನ್ನುವರು. ಊರಿನಲ್ಲಿ ಯಾರಾದರೂ ಕೇಳಿದರೆ ತಿರುಪ್ಪೂರಿನ ಒಬ್ಬ ಕೈಗುಣದವರ ಹತ್ತಿರ ಹೋಗುತ್ತೇನೆ ಎಂದು ಹೇಳುತ್ತಿದ್ದರಂತೆ. ಯಾರು ಎಂದು ಕೇಳಿದರೆ, ಮುಖ ನೋಡಿಲ್ಲ. ನಿಜವೇ ತಾನೇ.

ಪುಡಿ ಅರ್ಧ ಚಮಚಕ್ಕೆ ಇಳಿಯಿತು, ಕೆನ್ನೆ ತುಂಬಿತು. ನಾನು ಗೆದ್ದೆ ಎಂದುಕೊಂಡೆ. ಆದರೆ ನಮ್ಮ ಚಿಕಿತ್ಸೆಗೆ ಒಂದು ಶತ್ರು ಇದೆ, ಅದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಅದರ ಹೆಸರು ಮುಹೂರ್ತ.

ನಮ್ಮವರ ಮದುವೆಯಲ್ಲಿ ಮನೆತನದ ಹಿರಿಯ ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಬೇಕು. ಅವರು ಎಲೆಯಲ್ಲಿ ಏನಾದರೂ ಬಿಟ್ಟು ಎದ್ದರೆ ಅಡುಗೆ ಸರಿಯಿಲ್ಲ, ಸಂಬಂಧ ಸರಿಯಿಲ್ಲ, ಏನೋ ಕೋಪವಿದೆ ಎಂದು ಅರ್ಥ. ಬಿಡದೆ ತಿಂದರೆ ಎಲೆ ಖಾಲಿಯಾಗುತ್ತದೆ. ಹಿರಿಯರ ಖಾಲಿ ಎಲೆಗೆ ಮತ್ತೆ ಬಡಿಸದಿದ್ದರೆ ಬಡಿಸುವವರಿಗೆ ಅವಮಾನ. ಈ ಎರಡು ಮರ್ಯಾದೆಗಳ ನಡುವೆ ಮಾಮನ ಹೊಟ್ಟೆ. ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಪಾಯಸ ಸುರಿದು ಪ್ರೀತಿ ತೋರಿಸುವ ಜನ ನಾವು. ಮುಹೂರ್ತದ ತಿಂಗಳುಗಳಲ್ಲಿ ಮಾಮ ಆಸ್ಪತ್ರೆಗೆ ಬರುತ್ತಿರಲಿಲ್ಲ. ತಿಂಗಳು ಮುಗಿದ ಮೇಲೆ ಮತ್ತೆ ಎರಡು ಚಮಚ ಪುಡಿ, ಮತ್ತೆ ಮಣ್ಣು, ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ಹೀಗೇ ನಡೆಯಿತು. ಅಷ್ಟರಲ್ಲಿ ಪ್ರಪಂಚ ಮುಂದೆ ಹೋಯಿತು. ಫೋನಿನಲ್ಲಿ ಜ್ಯೂಸ್ ವೈದ್ಯರು ಬಂದರು, ಸಿರಿಧಾನ್ಯ ತಿಂದರೆ ಸಾವೇ ಇಲ್ಲ ಎನ್ನುವವರು ಬಂದರು. ಮದುವೆಗಳಲ್ಲಿ ಇಪ್ಪತ್ತು ಬಗೆಯ ಅಡುಗೆಯ ಜೊತೆಗೆ ಆರೋಗ್ಯಕ್ಕೆಂದು ನವಣೆ ಪಾಯಸ ಇಪ್ಪತ್ತೊಂದನೆಯದಾಗಿ ಬಂತು.

ನನ್ನ ನಿವೃತ್ತಿಯ ವರ್ಷ ಮಾಮ ಕಾಯಿಲೆ ಬಿದ್ದರು. ತೈ ತಿಂಗಳ ಸಾಲು ಮದುವೆಗಳು ಮುಗಿದಿದ್ದವು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಹಸಿರು ವಾಂತಿ. ಇದು ಕೈ ಹಚ್ಚುವ ಹೊಟ್ಟೆಯಲ್ಲ ಎಂದು ಫೋನಿನಲ್ಲೇ ಹೇಳಿ ಅಲ್ಲಿಂದಲೇ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದೆ. ಮೂಗಿನಲ್ಲಿ ಕೊಳವೆ ಹಾಕಿ ಮಲಗಿಸಿದರು. ಹೊಟ್ಟೆ ಕೊಯ್ಯದೆ ಕರುಳು ತಾನೇ ಬಿಡಿಸಿಕೊಂಡಿತು, ಅದೃಷ್ಟ. ಅಲ್ಲಿನ ಸರ್ಜನ್ ಮುಲಾಜಿಲ್ಲದೆ ಹೇಳಿದರು. ಈ ವಯಸ್ಸಿನ, ಈ ಪುಡಿ ತಿಂದ ಕರುಳು ಇನ್ನೊಂದು ಸಲ ಹೀಗೆ ಹಿಡಿದುಕೊಂಡರೆ ಹೊಟ್ಟೆ ಕೊಯ್ಯಬೇಕು. ಕೊಯ್ದರೆ ಎದ್ದು ಕೂರುತ್ತಾರೆ ಎಂದು ಹೇಳಲಾರೆ.

ಮುಂದಿನ ವೈಕಾಸಿ ತಿಂಗಳಲ್ಲಿ ಮಾಮನ ಸ್ವಂತ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಮೊದಲ ಎಲೆ ಯಾರದು ಎಂದು ಕೇಳುವ ಹಾಗೇ ಇರಲಿಲ್ಲ. ನಾನು ಹೋಗಿ ಹೇಳಿದೆ. ಈ ಸಲ ಕೂರಬೇಡಿ ಮಾಮ. "ಹಿರಿಯ ಕೂರದ ಮದುವೆ ಮದುವೆಯಾ?" ಎಂದರು. ಹಾಗಾದರೆ ಗಂಜಿ ತಿನ್ನಿ. "ಗಂಡಿನ ಕಡೆಯವರ ಎದುರಿಗೆ ಗಂಜಿಯಾ? ಹುಡುಗಿಗೆ ಆಯಸ್ಸು ಪೂರ್ತಿ ಅದನ್ನೇ ಹೇಳಿ ಚುಚ್ತಾರೆ. ನಡೆಯದ ಕೆಲಸ." ಅತ್ತೆ ಒಳಗೆ ಹೋಗಿ ಅಳುವುದು ಕೇಳಿಸಿತು. ಮಾಮನಿಗೂ ಕೇಳಿಸಿತು. ನಾನು ಸೋತು ಬಸ್ಸು ಹತ್ತಿದೆ.

ನನ್ನ ಕೆಲಸದ ಕೊನೆಯ ವಾರ ಮಾಮ ತಿರುಪ್ಪೂರಿಗೆ ಬಂದರು. ಮೊಮ್ಮಗಳನ್ನು ಹಿಡಿದುಕೊಂಡು ನಡೆಯುತ್ತಿದ್ದರು. ಪಳನಿಚಾಮಿ ಅಭ್ಯಾಸದಂತೆ ಮಣ್ಣಿನ ತಟ್ಟೆ ತಂದ.

"ಕಣ್ಣಿಗೆ ಬೇಡಪ್ಪಾ," ಎಂದರು ಮಾಮ. ನನ್ನ ಕೋಣೆಗೆ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೂತರು. "ರುಕ್ಕೂ, ಆ ಬನಿಯನ್ ಕಂಪನಿ ಹುಡುಗಿಗೆ ಏನೋ ಸರ್ಟಿಫಿಕೇಟ್ ಬರೆದುಕೊಟ್ಟೆಯಂತೆ. ನಿನ್ನ ಅವ್ವ ಹೇಳಿದ್ದಳು."

"ಹೌದು ಮಾಮ. ಬಹಳ ವರ್ಷವಾಯಿತು."

"ಅಂಥದೊಂದು ನನಗೆ ಬೇಕು. ಇವರ ಎಲೆಗೆ ಗಂಜಿ, ಮಜ್ಜಿಗೆ ಬಿಟ್ಟು ಏನೂ ಬಡಿಸಬಾರದು, ಇದು ಡಾಕ್ಟರ್ ಆರ್ಡರ್ ಅಂತ. ನಾನು ಬೇಡ ಅಂದರೆ ಕೋಪ ಅಂತಾರೆ. ಡಾಕ್ಟರ್ ಬೇಡ ಅಂದರೆ ಯಾರಿಗೂ ಕುಂದಿಲ್ಲ. ಮೊದಲ ಎಲೆಗೂ ಕೂತ ಹಾಗಾಯ್ತು."

ಇಷ್ಟು ಕಾಲ ನನಗೆ ಹೊಳೆಯದ ಔಷಧ. ಹೊಟ್ಟೆಗೆ ಬರೆದುಕೊಡುತ್ತಾ ಕೂತಿದ್ದೆ, ಬರೆದುಕೊಡಬೇಕಾದದ್ದು ಬಡಿಸುವವರಿಗೆ. ತಮಿಳಿನಲ್ಲಿ ಬರೆದೆ, ಯಾಕೆಂದರೆ ಮಾಮನಿಗೂ ಮದುವೆಗೆ ಬರುವವರಿಗೂ ಓದಲು ಬರುವುದು ಅದೇ. ಸಹಿ ಹಾಕಿ ಮೊಹರು ಒತ್ತಿ ಕೊಟ್ಟೆ. ಮಾಮ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು, ಕೊನೆಗೆ ಬಂದು ಕಾಗದವನ್ನು ವಾಪಸ್ ಮೇಜಿನ ಮೇಲೆ ಇಟ್ಟರು.

"ನಿನ್ನ ಹೆಸರಿನ ಕೆಳಗೆ ಏನೂ ಬರೆದಿಲ್ಲವಲ್ಲ."

"ಮೊಹರಿನಲ್ಲಿ ಇದೆ ಮಾಮ."

"ಮೊಹರು ಅಂಗಡಿಯಲ್ಲಿ ಸಿಕ್ತದೆ. ಕೈಯಲ್ಲಿ ಬರಿ. ಪಡಿಪ್ಪು ಪೂರ್ತಿ ಬರಿ, ಸಣ್ಣದು ಮಾಡಬೇಡ."

ಬರೆದೆ. ಒಂದೊಂದು ಪದವನ್ನೂ ಬಿಡಿಸಿ, ಕಾಲೇಜಿನ ಹೆಸರಿನ ಸಮೇತ, ಎರಡು ಸಾಲು ಬಂತು. ಎರಡನೆಯ ಸಲ ಕೊಟ್ಟೆ. ಅವರು ಅದನ್ನು ಗಟ್ಟಿಯಾಗಿ ಓದಿ, ನಾಲ್ಕು ಮಡಿಕೆ ಮಾಡಿ, ಒಳಜೇಬಿಗೆ ಇಟ್ಟುಕೊಂಡು, ಮೊಮ್ಮಗಳ ಕಡೆ ತಿರುಗಿ ಹೇಳಿದರು.

"ಇದು ಯಾರು ಕೊಟ್ಟದ್ದು ಅಂತ ಪಂಕ್ತಿಯಲ್ಲಿ ಕೇಳ್ತಾರೆ. ನನ್ನ ತಂಗಿ ಮಗಳು ಅಂತೀನಿ. ನಂಬಲ್ಲ ಜನ. ಅದು ನಡೆಯದ ಕೆಲಸ ಅಂತ ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ ಅಲ್ಲವಾ ಕಣ್ಣೂ. ಅದಕ್ಕೇ ಪೂರ್ತಿ ಬರೆಸಿದ್ದು."